ಬೋರ್ಡಿನ ಮೇಲೆ ಕಣ್ಣು ಹಾಯಿಸಿ

ನಮ್ಮ ಬೀದಿಯ ಹಿಟ್ಟಿನ ಗಿರಣಿ ಕಳೆದ ತಿಂಗಳು ಬಾಗಿಲು ಹಾಕಿತು. ಕಟ್ಟಡ ಕೆಡವುವುದೋ, ಬಾಡಿಗೆಗೆ ಕೊಡುವುದೋ ಎಂದು ಯಜಮಾನರಿಗೆ ಇನ್ನೂ ತೀರ್ಮಾನವಾಗಿಲ್ಲ. "ಮುರುಕು ಗಿರಣೀನ ಯಾರು ತಗೋತಾರೆ ತಾತ?" ಎಂದಳು ಮೊಮ್ಮಗಳು. "ಮರೆತುಬಿಟ್ಟೆಯಾ? ಒಪೆರಾ ಹೌಸ್ ನೋಡಿದ್ದೀಯಲ್ಲೇ!" ಎಂದೆ.

ಮಕ್ಕಳೇ, ಬೆಂಗಳೂರಿನ ಬ್ರಿಗೇಡ್ ರಸ್ತೆಯೂ ರೆಸಿಡೆನ್ಸಿ ರಸ್ತೆಯೂ ಕೂಡುವ ಮೂಲೆಯಲ್ಲಿದೆ ಈ ಒಪೆರಾ ಹೌಸ್. ದಂಡು ಪ್ರದೇಶದಲ್ಲಿ ಬ್ರಿಟಿಷರಿದ್ದ ಕಾಲದಲ್ಲಿ ಅಲ್ಲಿ ನಾಟಕ, ಸಂಗೀತ ನಡೆಯುತ್ತಿತ್ತು. ಆಮೇಲೆ ಸಿನಿಮಾ ಬಂತು. ಸಿನಿಮಾವೂ ನಿಂತ ಮೇಲೆ ಕಟ್ಟಡ ಬಹುಕಾಲ ಪಾಳು ಬಿದ್ದಿತ್ತು. ಕೊನೆಗೆ ಸ್ಯಾಮ್‌ಸಂಗ್ ಕಂಪನಿ ಅದನ್ನು ಹಿಡಿದು, ಎರಡು ವರ್ಷ ದುರಸ್ತಿ ಮಾಡಿಸಿ, 2018ರ ಸೆಪ್ಟೆಂಬರಿನಲ್ಲಿ ತನ್ನ ಮಳಿಗೆ ತೆರೆಯಿತು. 33 ಸಾವಿರ ಚದರ ಅಡಿ! ಆ ವರ್ಷದ ದಸರಾ ರಜೆಯಲ್ಲಿ ಇವಳನ್ನು ಕರೆದುಕೊಂಡು ಹೋಗಿದ್ದೆ. ಅವಳು ಫೋನು ನೋಡುತ್ತಿದ್ದಳು, ನಾನು ಗೋಡೆ ನೋಡುತ್ತಿದ್ದೆ.

ಹಳೆಯ ಗೋಡೆಯಲ್ಲಿ ಅಂಥದ್ದೇನಿದೆ ಅಂತೀರಾ? ಆಗ ಸಿಮೆಂಟಿನ ಬದಲು ಸುಣ್ಣದ ಗಾರೆ ಬಳಸುತ್ತಿದ್ದರು. ಸುಣ್ಣ, ಮರಳು ಕಲಸಿ, ಗಾಣದಲ್ಲಿ ಅರೆದು, ಕೆಲವು ಕಡೆ ಬೆಲ್ಲದ ನೀರು, ಅಳಲೆಕಾಯಿಯ ರಸವನ್ನೂ ಸೇರಿಸುತ್ತಿದ್ದರು. (ನಿಮ್ಮ ಅಜ್ಜಿಯನ್ನು ಕೇಳಿ, ಗಾರೆ ನೆಲದ ತಂಪು ಅವರಿಗೆ ನೆನಪಿರುತ್ತದೆ.) ಗಾರೆಯ ಗೋಡೆ ಮಳೆಗಾಲದಲ್ಲಿ ನೀರು ಹೀರಿ, ಬಿಸಿಲಿಗೆ ಅದನ್ನು ಹೊರಕ್ಕೆ ಬಿಡುತ್ತದೆ. ಇದು ತಿಳಿಯದೆ ಮೇಲೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಉಳಿದು ಗೋಡೆ ಉದುರತೊಡಗುತ್ತದೆ. ಹಾಗಾಗಿ ಹಳೆಯ ಕಟ್ಟಡ ಉಳಿಸಬೇಕೆಂದರೆ ಸುಣ್ಣದ ಕೆಲಸ ಬಲ್ಲ ಗಾರೆಯವರೇ ಬೇಕು. ಅಂಥವರು ಈಗ ಕಡಿಮೆ, ಕೂಲಿಯೂ ಹೆಚ್ಚು. ಕೆಡವುವುದು ಸುಲಭ ಎಂದು ಮಾಲೀಕರಿಗೆ ಅನಿಸುವುದು ಸುಮ್ಮನೆ ಅಲ್ಲ.

ಕೆಡವಿದ್ದೂ ಇದೆ. ಅಲ್ಲಿಂದ ನಡೆದು ಹೋಗುವಷ್ಟು ದೂರದ ಎಂ.ಜಿ. ರಸ್ತೆಯಲ್ಲಿ 1936ರ ಪ್ಲಾಜಾ ಚಿತ್ರಮಂದಿರವಿತ್ತು. ನಾನು ಕಾಲೇಜು ತಪ್ಪಿಸಿ ಸಿನಿಮಾ ನೋಡಿದ್ದು ಅಲ್ಲೇ (ಇದನ್ನು ಮನೆಯಲ್ಲಿ ಹೇಳಬೇಡಿ). ಮೆಟ್ರೊ ನಿಲ್ದಾಣಕ್ಕಾಗಿ ಅದು ಹೋಯಿತು. ಮೆಟ್ರೊ ಬೇಡವಾಗಿತ್ತೆಂದು ಹೇಳಲಾರೆ, ಮಂಡಿನೋವಿನ ನಾನೂ ಅದರಲ್ಲೇ ಓಡಾಡುವವನು. ಆದರೂ ಆ ನಿಲ್ದಾಣದಲ್ಲಿ ಇಳಿದಾಗ ಮೊಮ್ಮಗಳಿಗೆ "ಇಲ್ಲಿತ್ತು" ಎಂದು ಗಾಳಿಯಲ್ಲಿ ಕೈ ತೋರಿಸಬೇಕಾಗುತ್ತದೆ.

"ಒಪೆರಾ ಹೌಸಿನಲ್ಲಿ ನಾಟಕವೇ ಇಲ್ಲವಲ್ಲ, ಹೆಸರು ಮಾತ್ರ ಉಳಿದ ಹಾಗಾಯ್ತು" ಎಂದಳು ಅವಳು. ನಿಜವೇ. ನಾಟಕ ನೋಡಲು ಬಂದವರು ಕೂರುತ್ತಿದ್ದ ಕಡೆ ಫೋನು ಮಾರಿದರೆ ನನಗೂ ಅಷ್ಟು ಸಮಾಧಾನವಿಲ್ಲ. ಆದರೆ ಗೋಡೆ ನಿಂತಿದ್ದರೆ ಮುಂದೆಂದಾದರೂ ನಾಟಕವೂ ಬರಬಹುದು.

ಈ ಭಾನುವಾರ ತಾತನನ್ನೋ ಅಜ್ಜಿಯನ್ನೋ ಕರೆದುಕೊಂಡು ನಿಮ್ಮೂರ ಪೇಟೆಬೀದಿಗೆ ಹೋಗಿ. ಅಂಗಡಿಯ ಬೋರ್ಡು ಬಿಟ್ಟು ಅದರ ಮೇಲ್ಭಾಗ ನೋಡಿ. ಅಲ್ಲಿ ಗಾರೆಯಲ್ಲಿ ಬರೆದ ಇಸವಿಯೋ, ಹಳೆಯ ಹೆಸರೋ ಸಿಕ್ಕೀತು.

ನಮ್ಮ ಗಿರಣಿಯ ಮುಂದೆ ನಿನ್ನೆ ಮೊಮ್ಮಗಳು ಯಜಮಾನರನ್ನು ತಡೆದು, "ಮಾವ, ಇದನ್ನ ಲೈಬ್ರರಿಗೆ ಕೊಡ್ತೀರಾ?" ಎಂದು ಕೇಳಿಯೇಬಿಟ್ಟಳು. ಅವರು ನಕ್ಕು, "ಬಾಡಿಗೆ ಎಷ್ಟು ಕೊಡ್ತೀಯಮ್ಮ?" ಎಂದರು. ಅವಳೀಗ ಲೆಕ್ಕ ಹಾಕುತ್ತಾ ಕೂತಿದ್ದಾಳೆ.