ಮನೋರೋಗಕ್ಕೆ ಮದ್ದಿದೆ

ಸೇವೆಯಲ್ಲಿದ್ದಾಗ, ಹಿಡಕಲ್ ಅಣೆಕಟ್ಟೆಯ ಸಮೀಪದ ಊರೊಂದರಲ್ಲಿ ಯುವಕನೊಬ್ಬನನ್ನು ದನದ ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ್ದನ್ನು ಕಂಡೆ. ಹರಕೆ, ತಾಯಿತಗಳಿಗಾಗಿ ಮನೆಯವರು ಎರಡು ಎಕರೆ ಕಬ್ಬಿನ ಹೊಲ ಮಾರಿದ್ದರು. ಧಾರವಾಡದಲ್ಲಿ ಚಿಕಿತ್ಸೆ ಪಡೆದ ಆತ ವರ್ಷದೊಳಗೆ ಉಳಿದ ಹೊಲಕ್ಕೆ ನೀರು ಹಾಯಿಸುತ್ತಿದ್ದ. ಮಾತ್ರೆ ಬಿಟ್ಟಾಗ ಕಾಯಿಲೆ ಮರುಕಳಿಸಿತೆಂಬುದನ್ನೂ ಹೇಳಬೇಕು. ಸಕ್ಕರೆ ಕಾಯಿಲೆಯೂ ಹಾಗೆಯೇ ಅಲ್ಲವೇ?

ಇದು ಪವಾಡವಲ್ಲ. 1980ರ ದಶಕದಲ್ಲೇ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ನೀಡಿ, ಇಂಥ ಚಿಕಿತ್ಸೆ ಹಳ್ಳಿಯಲ್ಲೇ ಸಾಧ್ಯವೆಂದು ತೋರಿಸಿತು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಹೇಳುವುದಾದರೆ, ಇಲ್ಲಿ ಕೊರತೆ ಪೂರೈಕೆಯದಷ್ಟೇ ಅಲ್ಲ, ಬೇಡಿಕೆಯದೂ ಹೌದು. ಪೋಲಿಯೊ ಹನಿಗಾಗಿ ಊರೂರಲ್ಲಿ ಡಂಗುರ ಸಾರಿಸಿದ ಸರ್ಕಾರ, 2022ರಲ್ಲಿ ಆರಂಭವಾದ ಟೆಲಿ ಮಾನಸ್ ಉಚಿತ ಸಹಾಯವಾಣಿಯ ಸಂಖ್ಯೆ 14416ನ್ನು ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ ಬರೆಸಲಿ.