ಹಳೇ ರೀಲು ಗುಜರಿಗಲ್ಲ, ಬಾಳೆಮೀನಿಗೆ

ಮೀನು ಹಿಡಿಯುವ ಹಳೆಯ ರೀಲು ನಿಮ್ಮ ಮನೆಯ ಅಟ್ಟದಲ್ಲೋ ಪಂಪ್‌ಸೆಟ್ ಶೆಡ್ಡಿನ ಮೂಲೆಯಲ್ಲೋ ಬಿದ್ದಿದೆಯೆ? ಅದನ್ನು ಗುಜರಿಯವನಿಗೆ ಕೊಡಬೇಡಿ. ಅವನು ಹಿತ್ತಾಳೆಯ ತೂಕಕ್ಕೆ ದುಡ್ಡು ಕೊಡುತ್ತಾನೆ. ಅರ್ಧ ದಿನ ಕೂತು ಅದನ್ನು ಬಿಚ್ಚಿ ತೊಳೆದು ಎಣ್ಣೆ ಹಾಕಿದರೆ ಇನ್ನೊಂದು ತಲೆಮಾರು ದುಡಿಯುತ್ತದೆ. ಅದರಲ್ಲೂ ಬಾಳೆಮೀನಿನಂಥ ಮೀಸೆಮೀನಿಗೆ ಇದಕ್ಕಿಂತ ತಕ್ಕ ಸಾಧನ ನನಗೆ ಕಂಡಿಲ್ಲ. ಕಾಲುವೆಗೆ ಕರೆಂಟ್ ಬಿಡುವ, ವಿಷ ಹಾಕುವ ಚಟ ನಿಲ್ಲಬೇಕಾದರೆ ಇಂಥ ಸಾಧನ ರೈತನ ಕೈಗೆ ಮತ್ತೆ ಬರಬೇಕು ಎಂಬುದು ನನ್ನ ಅಭಿಪ್ರಾಯ.

ನಮ್ಮೂರು ಸಿಂಧನೂರಿನ ಆರ್.ಎಚ್. ಕ್ಯಾಂಪು. ಆರ್.ಎಚ್. ಅಂದರೆ ರಿಹ್ಯಾಬಿಲಿಟೇಶನ್, ಪುನರ್ವಸತಿ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ 1970ರ ದಶಕದಲ್ಲಿ ಇಲ್ಲಿ ನೆಲೆ ಸಿಕ್ಕಿತು. ನಮ್ಮದೂ ಅಂಥದೇ ಮನೆ. ನೆಲ ಬದಲಾಯಿತು, ಮಾತು ಬದಲಾಯಿತು, ಮೀನು-ಅನ್ನ ಮಾತ್ರ ಬಿಡಲಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಭತ್ತವನ್ನೂ ಕೊಟ್ಟಿತು, ಮೀನನ್ನೂ ಕೊಟ್ಟಿತು. ಬಂಗಾಳದಲ್ಲಿ ರೀಲಿಗೆ 'ಹುಯಿಲ್' ಅನ್ನುತ್ತಾರೆ, ಇಂಗ್ಲಿಷಿನ ವೀಲ್ ಅಷ್ಟೆ. ಕಲ್ಕತ್ತಾದ ನೆಂಟರ ಮನೆಗೆ ಹೋದವರು ಬರುವಾಗ ಒಂದೊಂದು ಹುಯಿಲ್ ತರುತ್ತಿದ್ದರು. ಅವೇ ಈಗ ಅಟ್ಟ ಸೇರಿರುವುದು.

ಕನ್ನಡ ನಾಡಿಗೂ ರೀಲು ಹೊಸದಲ್ಲ. ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು 1946ರಲ್ಲಿ ಕಬಿನಿ ಹೊಳೆಯಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಹಿಡಿದದ್ದು ದಾಖಲೆಯಲ್ಲಿದೆ. ಅದು ದೊಡ್ಡವರ ಹವ್ಯಾಸ. ನಮ್ಮದು ಸಂಜೆಯ ಸಾರಿನ ಲೆಕ್ಕ.

ಹಳೆಯದೇ ಯಾಕೆ?

ಅಂಗಡಿಯಲ್ಲಿ ಈಗ ಸಿಗುವ ಹೆಚ್ಚಿನ ರೀಲುಗಳಲ್ಲಿ ಡ್ರಮ್ಮು ತಿರುಗುವುದಿಲ್ಲ. ಅದರ ಸುತ್ತ ಒಂದು ತಂತಿ ತಿರುಗಿ ದಾರ ಸುತ್ತುತ್ತದೆ. ಎಸೆಯುವುದು ಸುಲಭ, ಮಕ್ಕಳೂ ಎಸೆಯಬಹುದು. ಆದರೆ ದಾರ ಅಲ್ಲಿ ಮೂಲೆ ತಿರುಗಿ ಒಳಗೆ ಹೋಗಬೇಕು. ಭಾರದ ಮೀನು ಎಳೆದಾಗ ಆ ಮೂಲೆಯ ಮೇಲೆ ಎಲ್ಲ ಒತ್ತಡ ಬೀಳುತ್ತದೆ. ದಾರ ಹುರಿಗೊಳ್ಳುವುದೂ ಅಲ್ಲೇ.

ಹಳೇ ರೀಲು ಬಾವಿಯ ರಾಟೆಯ ಹಾಗೆ. ಡ್ರಮ್ಮೇ ತಿರುಗುತ್ತದೆ, ದಾರ ನೇರ ಬಂದು ನೇರ ಸುತ್ತಿಕೊಳ್ಳುತ್ತದೆ. ಹಿಡಿಕೆ ಒಂದು ಸುತ್ತು ತಿರುಗಿಸಿದರೆ ಡ್ರಮ್ಮು ಸುಮಾರು ಮೂರು ಸುತ್ತು. ಹೊಸವುಗಳಲ್ಲಿ ಇದು ಐದು, ಆರು ಆಗಿರುತ್ತದೆ. ಟ್ರ್ಯಾಕ್ಟರ್ ಓಡಿಸುವವರಿಗೆ ಬಿಡಿಸಿ ಹೇಳಬೇಕಿಲ್ಲ: ಕೆಸರಿನಲ್ಲಿ ಕೇಜ್‌ವೀಲ್ ಹೊಡೆಯುವಾಗ ಯಾವ ಗೇರು ಹಾಕುತ್ತೀರಿ? ಬಾಳೆಮೀನು ತಳ ಹಿಡಿದು ಜಗ್ಗುವಾಗ ಬೇಕಾದದ್ದು ಓಟ ಅಲ್ಲ, ಜಗ್ಗುವ ಶಕ್ತಿ.

ಈ ಯಂತ್ರ ಹುಟ್ಟಿದ್ದು ಗಡಿಯಾರದವರ ಕೈಯಲ್ಲಿ. ಇನ್ನೂರು ವರ್ಷದ ಹಿಂದೆ ಅಮೆರಿಕದ ಕೆಂಟಕಿಯಲ್ಲಿ ಜಾರ್ಜ್ ಸ್ನೈಡರ್ ಎಂಬ ಗಡಿಯಾರದ ಕಸುಬಿನವನು ಹಲ್ಲುಗಾಲಿ ಇಟ್ಟು ಇಂಥ ರೀಲು ಮಾಡಿದ. ಸ್ವೀಡನ್ನಿನ ಅಬು ಕಂಪೆನಿಯೂ ಮೊದಲು ಗಡಿಯಾರ, ಟ್ಯಾಕ್ಸಿ ಮೀಟರುಗಳ ಕೆಲಸದ್ದು. ಅದರ ಅಂಬಾಸಡರ್ ರೀಲು ಬಂದದ್ದು 1952ರಲ್ಲಿ. ಅಮೆರಿಕದ ಪೆನ್ ಕಂಪೆನಿ ಶುರುವಾದದ್ದು 1932ರಲ್ಲಿ. ಹಾಗಾಗಿ ನಿಮಗೆ ಬಿಚ್ಚಲು ಧೈರ್ಯ ಬಾರದಿದ್ದರೆ ಗಡಿಯಾರ ರಿಪೇರಿಯವರ ಹತ್ತಿರ ಒಯ್ಯಿರಿ. ಹೊಲಿಗೆ ಯಂತ್ರ ರಿಪೇರಿಯವರೂ ಆದೀತು.

ಬಿಚ್ಚುವುದು, ತೊಳೆಯುವುದು

ಒಂದು ಬಿಳಿ ಬಟ್ಟೆ ಹಾಸಿ ಕೂತುಕೊಳ್ಳಿ. ಬಿಚ್ಚಿದ ಪ್ರತಿ ಸ್ಕ್ರೂ, ವಾಷರ್, ಸ್ಪ್ರಿಂಗನ್ನು ಬಿಚ್ಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಇಡಿ. ಕೂಡಿಸುವಾಗ ಬಲದಿಂದ ಎಡಕ್ಕೆ ಬನ್ನಿ. ಮೊಬೈಲಿನಲ್ಲಿ ಹಂತಹಂತಕ್ಕೂ ಒಂದು ಫೋಟೋ ತೆಗೆದಿಟ್ಟರೆ ಇನ್ನೂ ನಿಶ್ಚಿಂತೆ. ಸ್ಕ್ರೂ ಹಿಡಿದುಕೊಂಡಿದ್ದರೆ ಜೋರು ಮಾಡಬೇಡಿ. ಒಂದು ಹನಿ ಎಣ್ಣೆ ಬಿಟ್ಟು ರಾತ್ರಿ ಹಾಗೇ ಇಡಿ.

ಒಳಗಿನ ಹಳೇ ಗ್ರೀಸು ಮೇಣದ ಹಾಗೆ ಗಟ್ಟಿಯಾಗಿರುತ್ತದೆ. ರೀಲು ತಿರುಗುವುದಿಲ್ಲ, ಕೆಟ್ಟಿದೆ ಅನ್ನುವವರಲ್ಲಿ ಹೆಚ್ಚಿನವರ ತಕರಾರು ಇಷ್ಟೇ. ಲೋಹದ ಭಾಗಗಳನ್ನು ಸೀಮೆಎಣ್ಣೆಯಲ್ಲೋ ಡೀಸೆಲ್ಲಿನಲ್ಲೋ ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ತೊಳೆದು, ಆಮೇಲೆ ಸೋಪಿನ ನೀರಿನಲ್ಲಿ ಜಾಲಿಸಿ ಒಣಗಿಸಿ. ಪೆನ್ ರೀಲುಗಳ ಪಕ್ಕದ ಕಪ್ಪು ಬಿಲ್ಲೆ ಬೇಕಲೈಟಿನದು. ಅದಕ್ಕೆ ಥಿನ್ನರ್ ಬೇಡ, ಸೋಪಿನ ನೀರು ಸಾಕು. ಕೈಜಾರಿ ಕಲ್ಲಿನ ಮೇಲೆ ಬಿತ್ತೋ, ಒಡೆಯಿತು. ಬರಿ ಹಿತ್ತಾಳೆಯ ಮೇಲೆ ಹಸಿರು ಕಿಲುಬು ಇದ್ದರೆ ಪಾತ್ರೆ ಬೆಳಗುವ ಹಾಗೆ ಹುಣಸೆಹುಳಿ ಹಚ್ಚಿ ತಿಕ್ಕಿ. ಹೊಳಪಿನ ಲೇಪ ಇರುವ ಕಡೆ ಹುಣಸೆಯೂ ಬೇಡ, ಉಪ್ಪುಕಾಗದವೂ ಬೇಡ.

ಈಗ ಎಣ್ಣೆ. ಡ್ರಮ್ಮಿನ ಅಚ್ಚು ಕೂರುವ ಎರಡು ತುದಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ಹನಿ. ಹಲ್ಲುಗಾಲಿಗಳಿಗೆ ಗ್ರೀಸು ತೆಳ್ಳಗೆ. ಗಾಡಿಯ ಅಚ್ಚಿಗೆ ಹಚ್ಚಿದ ಹಾಗೆ ಮೆತ್ತಬೇಡಿ. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ ಖಂಡಿತ ಬೇಡ, ಅಂಟಾಗುತ್ತದೆ.

ಬ್ರೇಕಿನ ವಾಷರ್‌ಗಳಲ್ಲೇ ಇಡೀ ರೀಲಿನ ಜೀವ. ಹಿಡಿಕೆಯ ಬುಡದಲ್ಲಿ ನಕ್ಷತ್ರದ ಆಕಾರದ ತಿರುಪು ಇದೆಯಲ್ಲ, ಅದನ್ನು ಬಿಗಿ ಮಾಡಿದರೆ ಈ ವಾಷರ್‌ಗಳು ಒತ್ತಿಕೊಂಡು ಡ್ರಮ್ಮನ್ನು ಹಿಡಿಯುತ್ತವೆ. ಹಳೆಯದರಲ್ಲಿ ಚರ್ಮದ ವಾಷರ್ ಇರುವುದುಂಟು. ಒಣಗಿ ಸೆಟೆದಿದ್ದರೆ ಚಪ್ಪಲಿ ಹೊಲಿಯುವವರ ಹತ್ತಿರ ಅದೇ ಅಳತೆ, ಅದೇ ದಪ್ಪದ ಹೊಸ ಚರ್ಮ ಕತ್ತರಿಸಿ ಮಧ್ಯೆ ತೂತು ಹೊಡೆಸಿ. ಎಣ್ಣೆಯಲ್ಲಿ ನೆನೆಸಿ ಒರೆಸಿ ಹಾಕಿ. ಬ್ರೇಕ್ ಲೈನರಿನಂಥ ಬೂದು ವಾಷರ್ ಇದ್ದರೆ ಉಜ್ಜಿ ಪುಡಿ ಎಬ್ಬಿಸಬೇಡಿ, ಆ ಕಾಲದ ಇಂಥ ಸಾಮಾನಿನಲ್ಲಿ ಕಲ್ನಾರು ಇರಬಹುದು. ತೆಗೆದು ಹೊಸದು ಹಾಕಿ. ನನ್ನ ರೀಲಿಗೆ ಚರ್ಮ, ಎಣ್ಣೆ, ಗ್ರೀಸು ಎಲ್ಲ ಸೇರಿ ಮುನ್ನೂರು ರೂಪಾಯಿ ಮುಟ್ಟಲಿಲ್ಲ.

ದಾರ ಮತ್ತು ಬ್ರೇಕು

ಹಳೇ ದಾರ ಎಷ್ಟೇ ಚೆನ್ನಾಗಿ ಕಂಡರೂ ತೆಗೆದುಹಾಕಿ. ಬಿಸಿಲಿಗೆ ನೈಲಾನ್ ಸತ್ತಿರುತ್ತದೆ. ಗದ್ದೆಯ ಬದುವಿನಲ್ಲಿ ಬಿಸಾಡಬೇಡಿ, ಕೊಕ್ಕರೆಯ ಕಾಲಿಗೆ ಸುತ್ತಿಕೊಳ್ಳುತ್ತದೆ. ಕಾಲುವೆಯ ಬಾಳೆಮೀನಿಗೆ 12ರಿಂದ 15 ಕಿಲೋ ತಾಳುವ ತಂಗೂಸು ದಾರ ಸಾಕು. ಡ್ರಮ್ಮು ಪ್ಲಾಸ್ಟಿಕ್ಕಿನದಾದರೆ ಒಂದು ಎಚ್ಚರ: ಜಗ್ಗಿದ ನೈಲಾನ್ ಡ್ರಮ್ಮಿನ ಮೇಲೆ ಕುಗ್ಗಿ ಒತ್ತುತ್ತದೆ. ಹಳೇ ಡ್ರಮ್ಮು ಆ ಒತ್ತಡಕ್ಕೆ ಸೀಳಬಹುದು. ಅಡಿಗೆ ಹತ್ತಿಯ ಗಟ್ಟಿ ದಾರ ಸುತ್ತಿ ಮೆತ್ತೆ ಮಾಡಿಕೊಂಡು ಅದರ ಮೇಲೆ ನೈಲಾನ್ ಸುತ್ತಿ. ಅಂಚಿಗಿಂತ ಒಂದು ಗೆರೆ ಕೆಳಗೆ ನಿಲ್ಲಿಸಿ.

ಬ್ರೇಕನ್ನು ಕೈಯಂದಾಜಿಗೆ ಬಿಡಬೇಡಿ. ಹತ್ತಿ ತೂಗುವ ಸ್ಪ್ರಿಂಗ್ ಕಾಟಾ ಇದ್ದರೆ ದಾರದ ತುದಿಯನ್ನು ಅದಕ್ಕೆ ಕಟ್ಟಿ ಜಗ್ಗಿ. 12 ಕಿಲೋ ದಾರಕ್ಕೆ 3 ಕಿಲೋ ತೋರಿಸುವಾಗ ಡ್ರಮ್ಮು ಜಾರಬೇಕು. ಅಂದರೆ ನಾಲ್ಕರಲ್ಲಿ ಒಂದು ಪಾಲು. ಇನ್ನೊಂದು ಮಾತು. ಮೀನು ದಾರ ಎಳೆದುಕೊಂಡು ಹೋದಷ್ಟೂ ಡ್ರಮ್ಮಿನ ಸುತ್ತಳತೆ ಕಿರಿದಾಗುತ್ತದೆ, ಬ್ರೇಕು ತಾನಾಗಿ ಬಿಗಿಯಾಗುತ್ತದೆ. ಆಗ ಗಾಬರಿಯಿಂದ ನಕ್ಷತ್ರವನ್ನು ಇನ್ನೂ ತಿರುಗಿಸಿದರೆ ದಾರ ಪಟ್ಟನೆ ಹರಿಯುತ್ತದೆ. ಮನೆಗೆ ಬಂದ ಮೇಲೆ ನಕ್ಷತ್ರವನ್ನು ಸಡಿಲಿಸಿಡಿ, ವಾಷರ್ ಚಪ್ಪಟೆಯಾಗುವುದಿಲ್ಲ.

ಎಸೆಯುವಾಗ ಹೆಬ್ಬೆರಳು ಡ್ರಮ್ಮಿನ ಮೇಲೇ ಇರಬೇಕು. ಪಕ್ಕದ ಚಿಕ್ಕ ತಿರುಪನ್ನು ಹೀಗೆ ಹೊಂದಿಸಿ: ಕೋಲು ಎತ್ತಿ ಹಿಡಿದು ಭಾರ ಬಿಟ್ಟರೆ ನಿಧಾನ ಇಳಿಯಬೇಕು, ನೆಲ ಮುಟ್ಟಿದ ಕೂಡಲೆ ಡ್ರಮ್ಮು ನಿಲ್ಲಬೇಕು. ಇಲ್ಲದಿದ್ದರೆ ಡ್ರಮ್ಮು ದಾರಕ್ಕಿಂತ ಮುಂದೆ ಓಡಿ ಹಕ್ಕಿಗೂಡು ಕಟ್ಟುತ್ತದೆ. ಬಿಡಿಸುವಷ್ಟರಲ್ಲಿ ಬೆಳಗಾಗುತ್ತದೆ.

ನೀರಿನಲ್ಲಿ

ಮೀಸೆಮೀನು ಕಣ್ಣಿಗಿಂತ ಮೂಗು, ಮೀಸೆ ನಂಬುವ ಜಾತಿ. ಸಂಜೆಯಿಂದ ಮುಂದೆ ತಳದಲ್ಲಿ ಅಡ್ಡಾಡುತ್ತದೆ. ಸೇತುವೆಯ ಕೆಳಗೆ, ತೂಬಿನ ಮುಂದೆ, ನೀರು ಧುಮುಕಿ ಸುಳಿ ತಿರುಗುವ ಕಡೆ ಗಾಳ ಇಳಿಸಿ. ಕೋಳಿಯ ಕರುಳು, ಎರೆಹುಳ, ಸಣ್ಣ ಮೀನು ಸಾಕು. ಕಪ್ಪೆ ಬೇಡ, ಅದು ಗದ್ದೆಯ ಹುಳ ತಿಂದು ನಮ್ಮ ಔಷಧಿ ಖರ್ಚು ಉಳಿಸುವ ಜೀವ. ಸೀಸದ ಬದಲು ಟ್ರ್ಯಾಕ್ಟರಿನ ಹಳೇ ನಟ್ಟು ಪೋಣಿಸಿ. ದಾರ ಅದರೊಳಗೆ ಜಾರುತ್ತಿದ್ದರೆ ಮೀನಿಗೆ ಭಾರ ಗೊತ್ತಾಗುವುದಿಲ್ಲ. ಬಾಳೆಮೀನಿನ ಬಾಯಿ ತುಂಬ ಹಲ್ಲು, ಗಾಳದ ಹಿಂದೆ ಒಂದು ಗೇಣು ದಪ್ಪ ದಾರ ಅಥವಾ ಸಣ್ಣ ತಂತಿ ಬೇಕೇ ಬೇಕು.

ಕೋಲನ್ನು ಕವಲಿಗೆ ಒರಗಿಸಿ ಡ್ರಮ್ಮು ಬಿಡಿಸಿ ಕಿಟಕಿಟಿ ಗುಂಡಿ ಹಾಕಿ. ಮೀನು ಕಚ್ಚಿ ನಡೆದರೆ ಕತ್ತಲಲ್ಲೂ ಕಿಟಕಿಟಿ ಕೇಳಿಸುತ್ತದೆ. ತುದಿ ಒಳಗೆ ಬಾಗಿದ ದುಂಡು ಗಾಳ ಹಾಕಿದ್ದರೆ ಝಾಡಿಸಿ ಎಳೆಯಬೇಡಿ. ಕಿಟಕಿಟಿ ತೆಗೆದು ಡ್ರಮ್ಮು ಹಿಡಿಸಿ ನಿಧಾನ ಸುತ್ತಿ. ಬಾಯಿಯ ಮೂಲೆಗೆ ತಾನೇ ಕೂರುತ್ತದೆ. ಮೀನು ಗಾಳ ನುಂಗುವುದು ಅಪರೂಪ. ಬಿಡಬೇಕಾದ ಮೀನನ್ನು ಜೀವಂತ ಬಿಡಬಹುದು.

ಶಿಂಗಿ ಅಂದರೆ ಚೇಳುಮೀನು ಸಿಕ್ಕಿದರೆ ಬರಿಗೈ ಬೇಡ. ಪಕ್ಕದ ಮುಳ್ಳಿನಲ್ಲಿ ವಿಷ. ಚುಚ್ಚಿದರೆ ತಾಳುವಷ್ಟು ಬಿಸಿನೀರಿನಲ್ಲಿ ಕೈ ಇಟ್ಟುಕೊಂಡರೆ ನೋವು ಇಳಿಯುತ್ತದೆ, ಆಮೇಲೆ ಆಸ್ಪತ್ರೆ. ಕಾಲುವೆ ಏರಿಗೆ ರಾತ್ರಿ ಒಬ್ಬರೇ ಹೋಗಬೇಡಿ.

ಕರೆಂಟ್ ಬೇಡ್ರಿ

"ಇಷ್ಟೆಲ್ಲ ಯಾಕ್ರೀ, ಒಂದು ವೈರ್ ಬಿಟ್ರ ಹತ್ತು ನಿಮಿಷದಾಗ ಚೀಲ ತುಂಬ್ತದ" ಅನ್ನುವವರಿದ್ದಾರೆ. ತುಂಬುತ್ತದೆ, ನಿಜ. ಆ ಚೀಲದಲ್ಲಿ ಬೆರಳುದ್ದದ ಮರಿಯೂ ಇರುತ್ತದೆ, ಮೊಟ್ಟೆ ತುಂಬಿದ ತಾಯಿಯೂ ಇರುತ್ತದೆ. ತೇಲದೆ ತಳದಲ್ಲೇ ಸತ್ತದ್ದರ ಲೆಕ್ಕ ಯಾರ ಹತ್ತಿರವೂ ಇಲ್ಲ. ಒದ್ದೆ ಕಾಲಿನಲ್ಲಿ ವೈರ್ ಹಿಡಿದವನ ಜೀವಕ್ಕೂ ಖಾತ್ರಿ ಇಲ್ಲ. ಕೀಟನಾಶಕ ಸುರಿದು ಹಿಡಿದ ಮೀನನ್ನು ತಿನ್ನುವುದು ನಮ್ಮದೇ ಮಕ್ಕಳು. ಅದೇ ನೀರನ್ನು ಕೆಳಗಿನ ಊರಿನ ದನ ಕುಡಿಯುತ್ತದೆ. ನೀರಿಗೆ ವಿಷ ಹಾಕುವುದು, ಸಿಡಿಮದ್ದು ಹಾಕುವುದು ಅಪರಾಧ ಅಂತ 1897ರ ಮೀನುಗಾರಿಕೆ ಕಾಯ್ದೆಯೇ ಹೇಳಿತ್ತು. ಕಾಯ್ದೆ ಹಳೆಯದಾಯಿತು, ಚಟ ಹಳೆಯದಾಗಲಿಲ್ಲ.

ಕಳೆದುಕೊಳ್ಳುತ್ತಿರುವುದು ಏನನ್ನು ಗೊತ್ತೆ? ಮೊದಲ ಮಳೆಗೆ ಗದ್ದೆಗೆ ಹತ್ತಿ ಬರುತ್ತಿದ್ದ ಮುರುಗೋಡು, ನಮ್ಮ ಬಂಗಾಳಿಯ ಮಾಗುರ್, ಇಂದು ಐಯುಸಿಎನ್ ಸಂಸ್ಥೆಯ ಅಪಾಯದಂಚಿನ ಪಟ್ಟಿಯಲ್ಲಿದೆ. ಬಾಳೆಮೀನೂ ಸಂಕಟದ ಪಟ್ಟಿ ಸೇರಿದೆ. ಬಾಣಂತಿಗೆ, ಕಾಯಿಲೆ ಬಿದ್ದು ಎದ್ದವರಿಗೆ ನಮ್ಮ ಕ್ಯಾಂಪಿನ ಅಜ್ಜಿಯರು ಹುಡುಕುವ ಮೀನು ಮಾಗುರ್. ಅದರ ಹೆಸರಿನಲ್ಲಿ ಸಂತೆಗೆ ಬರುವುದು ಹೆಚ್ಚಾಗಿ ಆಫ್ರಿಕಾದ ಕ್ಯಾಟ್‌ಫಿಶ್. ಅದರ ಸಾಕಣೆ ದೇಶದಲ್ಲಿ 2000ದಲ್ಲೇ ನಿಷೇಧವಾಗಿದೆ. ಸಿಕ್ಕಿದ್ದನ್ನೆಲ್ಲ ತಿನ್ನುವ ಆ ಮೀನು ಹೊಂಡದಿಂದ ತಪ್ಪಿಸಿಕೊಂಡು ಹಳ್ಳ ಸೇರಿದರೆ ಊರಿನ ಮೀನಿಗೆ ಉಳಿಗಾಲವಿಲ್ಲ.

ರೀಲಿನಿಂದ ಒಂದು ಸಂಜೆಗೆ ಒಂದು ಮೀನು ಬರುತ್ತದೆ. ಕೆಲವು ಸಂಜೆ ಅದೂ ಇಲ್ಲ. ಅದನ್ನೇ ಇದರ ದೋಷ ಅನ್ನುತ್ತಾರೆ, ನಾನು ಗುಣ ಅನ್ನುತ್ತೇನೆ. ಮನೆಗೆ ಬೇಕಾದ್ದು ಬಂತು, ಉಳಿದದ್ದು ನೀರಿನಲ್ಲಿ ಬೆಳೆಯಿತು. ಬೀಜದ ಕಾಳು ಕುಟ್ಟಿ ತಿನ್ನಬಾರದು ಅಂತ ರೈತನಿಗೆ ಬೇರೆಯವರು ಹೇಳಿಕೊಡಬೇಕೆ?

ರೀಲು ಸಿದ್ಧ ಮಾಡಿಕೊಂಡವರು ಮೂರು ನೇಮ ಇಟ್ಟುಕೊಂಡರೆ ಸಾಕು. ಕೆರೆ ಹರಾಜು ಹಿಡಿದವರ ಒಪ್ಪಿಗೆ ಇಲ್ಲದೆ ಗಾಳ ಹಾಕಬಾರದು. ಮಳೆ ಹಿಡಿದು ಮೀನು ಮೊಟ್ಟೆ ಇಡುವ ಕಾಲದಲ್ಲಿ ರೀಲು ಗೂಟಕ್ಕೆ. ಊರಿನ ಮುರುಗೋಡು ಸಿಕ್ಕಿದರೆ ಯಾವ ಅಳತೆಯದಾದರೂ ವಾಪಸ್ ನೀರಿಗೆ. ಆಫ್ರಿಕಾದ್ದು ಸಿಕ್ಕಿದರೆ ಮಾತ್ರ ಬಿಡಬೇಡಿ, ಸಾರು ಮಾಡಿ.