ನೀರೊಳ್ಳೆಗೆ ದೊಣ್ಣೆ ಏಟು ಯಾಕೆ ಸ್ವಾಮಿ?

ಮೊನ್ನೆ ಜೋರು ಮಳೆ ನಿಂತ ಮೇಲೆ, ಬೆಂಗಳೂರಿನ ನಮ್ಮ ಬಡಾವಣೆಯ ಮೋರಿ ಪಕ್ಕ ಒಂದು ಹಾವು ಕಾಣಿಸಿತು. "ನಾಗರ, ನಾಗರ" ಅಂತ ಯಾರೋ ಕೂಗಿದ್ದೇ ತಡ, ನಾಲ್ಕು ದೊಣ್ಣೆ ಬಂದವು. ನಾನು ಹೋಗುವಷ್ಟರಲ್ಲಿ ಅದರ ಕಥೆ ಮುಗಿದಿತ್ತು. ಮೈತುಂಬ ಚೌಕಳಿ, ಕಣ್ಣಿನ ಕೆಳಗೆ ಎರಡು ಕಪ್ಪು ಓರೆಗೆರೆ... ಪಾಪದ ನೀರೊಳ್ಳೆ!

ಕೆರೆ, ಗದ್ದೆಗಳಲ್ಲಿ ಕಪ್ಪೆ, ಮೀನು ತಿಂದು ಬದುಕುವ ಹಾವು ಇದು. ವಿಷ ಇಲ್ಲ. ಹೆದರಿದರೆ ಕತ್ತು ಚಪ್ಪಟೆ ಮಾಡಿ ತಲೆ ಎತ್ತುತ್ತದೆ, ಹಿಡಿಯಲು ಹೋದರೆ ಕಚ್ಚುವುದೂ ಉಂಟು. ಆ ಹೆದರಿಸುವ ನಾಟಕವೇ ಅದರ ಜೀವಕ್ಕೆ ಮುಳುವು.

"ಯಾವ ಹಾವು ಅಂತ ನೋಡ್ತಾ ಕೂರೋಕಾಗುತ್ತಾ? ಮನೇಲಿ ಮಕ್ಕಳಿದ್ದಾರೆ" ಅಂದರು ಒಬ್ಬರು. ಸರಿ, ಗುರುತು ಸಿಗದಿದ್ದರೆ ಮಕ್ಕಳನ್ನು ಒಳಗೆ ಕರೆಯಿರಿ, ದೂರ ನಿಲ್ಲಿ, ಹಾವು ಹಿಡಿಯುವವರಿಗೆ ಫೋನ್ ಮಾಡಿ. ದೊಣ್ಣೆ ಹಿಡಿದು ಹತ್ತಿರ ಹೋದವನೇ ತಾನೇ ಕಚ್ಚಿಸಿಕೊಳ್ಳೋದು?

"ಮನೆ ಬಾಗಿಲಿಗೇ ಬಂತಲ್ರೀ" ಅಂದರು ಇನ್ನೊಬ್ಬರು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಎಷ್ಟೋ ಕೆರೆಗಳ ಕಾಲುವೆ ಮೇಲೆ ನಾವು ಸೈಟು ಕೊಂಡೆವು. ಮಳೆ ಬಂದಾಗ ನೀರು ಹಳೇ ದಾರಿ ಹುಡುಕುತ್ತದೆ, ಅದರ ಹಿಂದೆ ನೀರೊಳ್ಳೆಯೂ ಬರುತ್ತದೆ. ಯಾರು ಯಾರ ಬಾಗಿಲಿಗೆ ಬಂದದ್ದು?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಹಾವಿಗೂ ರಕ್ಷಣೆ ಕೊಟ್ಟಿದೆ. ನಾಗರಪಂಚಮಿಗೆ ಕಲ್ಲಿಗೆ ಹಾಲೆರೆಯುವ ನಮಗೆ ಇದನ್ನು ಕಾನೂನು ಹೇಳಬೇಕಾಯಿತೇ? ಮುಂದಿನ ಸಲ ದೊಣ್ಣೆ ಹುಡುಕುವ ಮುಂಚೆ ಸ್ವಲ್ಪ ಹೊತ್ತು ದೂರ ನಿಂತು ನೋಡಿ. ದಾರಿ ಬಿಟ್ಟರೆ ಅದು ತನ್ನ ಪಾಡಿಗೆ ಹೋಗುತ್ತದೆ.